ಡ್ರೈವರ್ ಕಡೆಯ ಕಿಟಕಿ

ಜೋಗುಪಾಳ್ಯದ ನಮ್ಮ ಮನೆಯ ನಡುಕೋಣೆಗೆ ಒಂದೇ ಒಂದು ಕಿಟಕಿ. ಅದನ್ನು ತೆರೆದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ. ಆ ಗೋಡೆಗೆ ಗಾರೆ ಮೆತ್ತಿರಲಿಲ್ಲ, ಸುಣ್ಣ ಬಳಿದಿರಲಿಲ್ಲ. ಬಳಿಯೋಣವೆಂದರೆ ಆ ಸಂದಿಯೊಳಗೆ ಮನುಷ್ಯ ತೂರುವುದಾದರೂ ಹೇಗೆ? ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅವನ ಮಂಚ ಹಾಕಿದ್ದು ಆ ಕಿಟಕಿಯ ಪಕ್ಕದಲ್ಲೇ. ಬೇರೆ ಜಾಗವೂ ಇರಲಿಲ್ಲ. ಜೀವಮಾನವೆಲ್ಲ ಮದ್ರಾಸ್ ರಸ್ತೆಯಲ್ಲಿ ಲಾರಿ ಓಡಿಸಿದವನು ದಿನವಿಡೀ ಆ ಇಟ್ಟಿಗೆಗಳನ್ನು ನೋಡುತ್ತ ಮಲಗಿರುತ್ತಿದ್ದ.

ಅವನ ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಬಲಭುಜಕ್ಕೆ ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವು. ಆದ್ದರಿಂದ ಎಡಮಗ್ಗುಲಿಗೆ ಮಾತ್ರ ಮಲಗುತ್ತಿದ್ದ. ಆ ಕಡೆ ತಿರುಗಿದರೆ ಇಟ್ಟಿಗೆ, ಅಂಗಾತ ಮಲಗಿದರೆ ತಾರಸಿ. ಎತ್ತಿ ಕೂರಿಸಿದರೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಮಾತು ಹೋಗಿರಲಿಲ್ಲ, ನಿಧಾನವಾಗಿ ಎಡವುತ್ತ ಬರುತ್ತಿತ್ತು. ಬೈಗುಳ ಮಾತ್ರ ಮೊದಲಿನಷ್ಟೇ ಸ್ಪಷ್ಟ. ಅವನ ಜೋರು ಬಾಯಿ ನನಗೂ ಬಂದಿದೆ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಅಪ್ಪ ಹಾಸಿಗೆ ಹಿಡಿಯುವ ಹೊತ್ತಿಗೆ ಕೆ.ಆರ್. ಪುರದ ರೈಲ್ವೆ ಗೇಟಿನ ಹತ್ತಿರ ತೂಗುಸೇತುವೆಯ ಕಂಬಗಳು ಆಗಷ್ಟೇ ಮೇಲೇಳುತ್ತಿದ್ದವು. ಆ ಗೇಟನ್ನು ಅವನಷ್ಟು ಶಪಿಸಿದವರು ಇನ್ನೊಬ್ಬರಿರಲಾರರು. ಮದ್ರಾಸಿನಿಂದ ಬಂದ ದಣಿವಿನಲ್ಲಿ, ಮನೆಗೆ ಇನ್ನೇನು ಬಂದೇಬಿಟ್ಟೆ ಎನ್ನುವಾಗ ಆ ಗೇಟು ಬೀಳುತ್ತಿತ್ತು. ಈಗ ಅಲ್ಲಿ ಗೇಟಿಲ್ಲ, ತಂತಿಗಳಿಂದ ಎಳೆದು ಕಟ್ಟಿದ ಸೇತುವೆಯ ಮೇಲೆ ಗಾಡಿಗಳು ನಿಲ್ಲದೆ ಹೋಗುತ್ತವೆ ಎಂದು ನೋಡಲು ಬಂದವರೆಲ್ಲ ಹೇಳುತ್ತಿದ್ದರು. ಕಾಯಿಲೆಯವನ ಮುಂದೆ ಬೇರೇನು ಮಾತಾಡುವುದು ಎಂದು ತೋಚದೆ ಸೇತುವೆಯ ಸುದ್ದಿ ತೆಗೆಯುತ್ತಿದ್ದರೋ ಏನೋ. ಅವರೆಲ್ಲ ಎದ್ದು ಹೋದ ಮೇಲೆ ಅಪ್ಪ ಇಟ್ಟಿಗೆಗಳ ಕಡೆ ನೋಡುತ್ತ, "ನನ್ ರೋಡಲ್ಲಿ ಕಟ್ಟವ್ರೆ. ನಾನೇ ನೋಡಿಲ್ಲ," ಎನ್ನುತ್ತಿದ್ದ. ಅವನಿಗೆ ಉಳಿದಿದ್ದ ಆಸೆ ಅದೊಂದೇ. ಸತ್ತಮೇಲೆ ಸ್ವರ್ಗ ಸಿಗುತ್ತದೋ ಬಿಡುತ್ತದೋ, ಅದಕ್ಕೂ ಮೊದಲು ಆ ಸೇತುವೆಯ ಮೇಲೆ ಒಂದು ಸಲ ಹೋಗಬೇಕು, ಕಣ್ಣಾರೆ ನೋಡಬೇಕು.

"ಆಂಬುಲೆನ್ಸ್ ಮಾಡ್ಕೊಂಡು ಹೋಗಿ ಬರೋಣ ಅಪ್ಪ," ಎಂದೆ ಒಂದು ದಿನ.

"ಅದ್ರ ಕಿಟಕಿಗೆ ಬಣ್ಣ ಬಳ್ದಿರ್ತಾರೆ," ಎಂದ. ಅದೂ ನಿಜವೇ.

ಆಗ ಬಂದವರು ಮೇಸ್ತ್ರಿ. ಶಿವಾಜಿನಗರದವರು, ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಅವರ ಶೆಡ್ಡು. ಅಪ್ಪನ ಲಾರಿಗೆ ಬಾಡಿ ಕಟ್ಟಿದ್ದು ಅವರೇ. ಅಪ್ಪನಿಗೂ ಅವರಿಗೂ ನನ್ನ ವಯಸ್ಸಿನಷ್ಟು ಹಳೆಯ ಸ್ನೇಹ, ಅಷ್ಟೇ ಹಳೆಯ ಜಗಳ. ಈಚೆಗೆ ಲಾರಿ ಬಾಡಿಯ ಕೆಲಸ ಕಡಿಮೆಯಾಗಿ, ಕಟ್ಟಡ ಕಟ್ಟುವ ಕಡೆ ಇಂಜಿನಿಯರುಗಳು ಕೂರುವ ಚಕ್ರದ ರೂಮುಗಳನ್ನು ಮಾಡುತ್ತಿದ್ದರು. ಮಂಚದ ಅಂಚಿನಲ್ಲಿ ಕುಳಿತು ಅಪ್ಪನ ಸೇತುವೆಯ ಗೋಳನ್ನು ಕೇಳಿದರು. ಆಮೇಲೆ ಅಮ್ಮನ ರಂಗೋಲಿ ಡಬ್ಬದಿಂದ ಸೀಮೆಸುಣ್ಣ ಇಸಿದುಕೊಂಡು ನೆಲದ ಮೇಲೆ ಉದ್ದದ ಒಂದು ಡಬ್ಬಿ ಬರೆದರು.

"ರೂಮೇ ಮಾಡ್ಕೊಡ್ತೀನಿ ಅಣ್ಣಾ. ಹಳೇ ಚಾಸಿ ಒಂದು ಬಿದ್ದೈತೆ. ಒಳಗೆ ಮಂಚ, ಅಮ್ಮಂಗೆ ಒಂದು ಸ್ಟವ್ ಇಡಕ್ಕೆ ಜಾಗ, ಕಪಾಟು. ಜೀಪಿಗೆ ಕಟ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗು. ಸೇತುವೆ ಏನು, ಸಮುದ್ರಾನೂ ನೋಡ್ಕೊಂಡು ಬಾ. ಕಿಟಕಿ ಎಲ್ಲಿ ಮಡಗ್ಲಿ ಹೇಳು."

ಅಪ್ಪ ಎಷ್ಟೋ ತಿಂಗಳ ನಂತರ ಚುರುಕಾಗಿದ್ದು ಅವತ್ತು. ಎಡಗೈ ನೆಲದ ಕಡೆ ಚಾಚಿ ಬೆರಳಿನಿಂದಲೇ ಹೇಳಿದ. ಮಂಚ ಡ್ರೈವರ್ ಕಡೆಯ ಗೋಡೆಗೆ. ತಲೆ ಮುಂದಕ್ಕೆ, ಕಾಲು ಹಿಂದಕ್ಕೆ. ಹಾಗೆ ಮಲಗಿ ಎಡಮಗ್ಗುಲಿಗೆ ತಿರುಗಿದರೆ ಮುಖ ಬಲಗಡೆಯ ಗೋಡೆಗೆ ಬರುತ್ತದೆ. ಕಿಟಕಿ ಅಲ್ಲೇ, ದಿಂಬಿನ ಮಟ್ಟಕ್ಕೆ. "ಎದುರಿಂದ ಬರೋ ಗಾಡಿ ಕಾಣ್ಬೇಕು," ಎಂದ. ಸ್ಟಿಯರಿಂಗ್ ಹಿಡಿದು ಕುಳಿತಾಗ ಯಾವ ಕಡೆಯಿಂದ ಲೋಕವನ್ನು ನೋಡಿದ್ದನೋ ಆ ಕಡೆಯಿಂದಲೇ ಅವನಿಗೆ ನೋಡಬೇಕಿತ್ತು. ಖರ್ಚಿನ ಮಾತು ಇಲ್ಲಿ ಬೇಡ. ನೆಂಟರೆಲ್ಲ ಆ ಮಾತನ್ನು ಬೇಕಾದಷ್ಟು ಆಡಿ ಮುಗಿಸಿದ್ದಾರೆ.

ನಾನು ಹಲಸೂರಿನ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಶಾಲೆ ಬಿಟ್ಟ ಮೇಲೆ ಮಾರತ್ತಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ರಿಂಗ್ ರೋಡಿನಲ್ಲಿ ಇನ್ನೊಂದು. ಶೆಡ್ಡಿನಲ್ಲಿ ಆ ದಿನ ಏನಾಯಿತು ಎಂದು ಕಣ್ಣಿಟ್ಟು ನೋಡಿಕೊಂಡು ಬಂದು ಅಪ್ಪನಿಗೆ ಹೇಳಬೇಕು. ನನಗೆ ಒಪ್ಪಿಸಿದ್ದ ಕೆಲಸ ಅದು. ಬೇಸರವಾಗುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ದೂಳು, ಹೊಗೆ, ನಿಂತು ನಿಂತು ಕಾಲುನೋವು. ಆದರೆ ಶೆಡ್ಡಿನೊಳಗೆ ಹೋದ ಮೇಲೆ ಬೇಸರ ಮರೆತುಹೋಗುತ್ತಿತ್ತು. ಕಬ್ಬಿಣದ ಬರಿಯ ಹಂದರವಾಗಿದ್ದದ್ದಕ್ಕೆ ಒಂದು ದಿನ ನೆಲ ಬಂದಿರುತ್ತಿತ್ತು, ಇನ್ನೊಂದು ದಿನ ಹಿಂದಿನ ಗೋಡೆ. ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುವ ಸದ್ದಿಗೆ ಕಿವಿ ತೂತು ಬೀಳುತ್ತಿತ್ತು. ಬಿಸಿಲು ಒಳಗೆ ಇಳಿಯದಿರಲೆಂದು ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಥರ್ಮಕೋಲ್ ತುರುಕುತ್ತಿದ್ದರು. ಕೆಲಸದವರು ಕಲಬುರಗಿ ಕಡೆಯವರು, ಶೆಡ್ಡಿನ ಹಿಂದೆಯೇ ಬಾಡಿಗೆಯ ಕೋಣೆಗಳಲ್ಲಿ ಇದ್ದವರು. ನಾನು ಬಂದ ಕೂಡಲೇ, "ಇನ್ಸ್‌ಪೆಕ್ಟರ್ ಬಾಯಾರು ಬಂದ್ರು," ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು.

ಕಿಟಕಿ ಕೊರೆಯುವ ದಿನ ಅಪ್ಪನ ದಿಂಬನ್ನೇ ತರಬೇಕೆಂದು ಮೇಸ್ತ್ರಿ ಹೇಳಿ ಕಳಿಸಿದ್ದರು. ಬೇರೆ ದಿಂಬಾದರೆ ಎತ್ತರ ತಪ್ಪಿಹೋಗುತ್ತದಂತೆ. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, "ಮೇಡಂ, ಮಾರತ್ತಹಳ್ಳಿ ಅಷ್ಟೊಂದು ದೂರ ಇಲ್ಲ," ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆ ದಿಂಬನ್ನು, ನೆಲಕ್ಕೆ ನಟ್ಟು ಹಾಕಿ ಬಿಗಿದಿದ್ದ ಮಂಚದ ಮುಂದಿನ ತುದಿಗೆ, ತಲೆಗೆಂದು ತುಸು ಎತ್ತರಿಸಿದ್ದ ಕಡೆ ಇಟ್ಟು, ಕೆಲಸದವರಲ್ಲಿ ಅಪ್ಪನಷ್ಟೇ ಉದ್ದವಾಗಿದ್ದ ಒಬ್ಬನನ್ನು ಎಡಮಗ್ಗುಲಿಗೆ ಮಲಗಿಸಿದರು. ಅವನ ಕಣ್ಣಿನ ನೇರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ತಗಡು ಕೊರೆದು ತೆಗೆದಾಗ ಹೊರಗಿನ ಬೆಳಕು ದಿಂಬಿನ ಮೇಲೆ ಬಿತ್ತು. ಮಲಗಿದ್ದವನು ಎದ್ದೇಳಲಿಲ್ಲ. "ಏನ್ ಕಾಣಸ್ತದೋ?" ಎಂದು ಒಬ್ಬ ಕೇಳಿದ. "ಎಲ್ಲಾ ಚಂದ ಕಾಣಸ್ತದ್ರಿ," ಎಂದ ಅವನು. ಕಂಡದ್ದು ಎದುರಿನ ಕಾರ್ಖಾನೆಯ ಗೇಟು, ಒಂದು ಟೀ ಗಾಡಿ, ಅಷ್ಟೇ. ಅವತ್ತು ಸಂಜೆ ಇದನ್ನು ಹೇಳಿದಾಗ ಅಪ್ಪ ಟೀ ಗಾಡಿಯ ಮಾತನ್ನು ಮತ್ತೊಂದು ಸಲ ಹೇಳಿಸಿದ.

ಪೇಂಟು ಹೊಡೆಯುವ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆ ಶುರುವಾಯಿತು. ನನಗೆ ಶೆಡ್ಡಿಗೆ ಹೋಗಲಾಗಲಿಲ್ಲ. ಒಂದು ಶುಕ್ರವಾರ ನನ್ನ ಬದಲಿಗೆ ಅಮ್ಮ ಹೋದಳು. ಅರಿಶಿನ, ಕುಂಕುಮ, ನಿಂಬೆಹಣ್ಣು ಎಲ್ಲ ತೆಗೆದುಕೊಂಡು ಹೋದಳಂತೆ. ಏನು ನಡೆಯಿತು ಎಂದು ಸಂಜೆ ಕೇಳಿದರೆ, "ಎಲ್ಲಾ ಚೆನ್ನಾಗೈತೆ. ಹಸಿರು ಬಣ್ಣ ಹೊಡ್ದವ್ರೆ," ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು. ಅಮ್ಮ ಕಡಿಮೆ ಮಾತಾಡಿದರೆ ಏನೋ ಇದೆ ಎಂದೇ ಅರ್ಥ. ನನ್ನ ಮುಂದೆ ಉತ್ತರಪತ್ರಿಕೆಗಳ ಕಟ್ಟಿತ್ತು, ಕೆದಕಲು ಹೋಗಲಿಲ್ಲ.

ಕೊನೆಯ ಕೆಲಸಗಳು ನಡೆಯುವ ದಿನ ಅಪ್ಪನನ್ನೇ ಕರೆದುಕೊಂಡು ಬರಬೇಕೆಂದು ಮೇಸ್ತ್ರಿ ಹಟ ಹಿಡಿದರು. ಅವನ ಗಾಡಿ ಅವನ ಕಣ್ಣೆದುರೇ ಮುಗಿಯಬೇಕು. ಅಂಗಡಿಯೊಂದರ ವ್ಯಾನಿನಲ್ಲಿ ಹಾಸಿಗೆ ಸಮೇತ ಮಲಗಿಸಿಕೊಂಡು ಹೋಗಿ, ಶೆಡ್ಡಿನ ಬಾಗಿಲಲ್ಲಿ ಒಂದು ಹಲಗೆಯ ಮೇಲೆ ಇಳಿಸಿದೆವು. ಅಲ್ಲಿ ಮಲಗಿಕೊಂಡೇ ನೋಡಿದ. ಹೊರಗಿನ ಅಂಚಿಗೆಲ್ಲ ಬೀಡಿಂಗ್ ಪಟ್ಟಿ ಕೂರಿಸುತ್ತಿದ್ದರು. ಕಿಟಕಿಯ ಗಾಜಿನ ಸುತ್ತ ಕಪ್ಪು ರಬ್ಬರನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಬಾಗಿಲಿನ ಕೆಳಗೆ ಮೆಟ್ಟಿಲು ಕಟ್ಟಿ ಇಬ್ಬರು ಹತ್ತಿ ಕುಪ್ಪಳಿಸಿ ನೋಡಿದರು. ಅಪ್ಪ, "ಹಿಂದಿನ್ ಲೈಟ್ ಓರೆ ಐತೆ," ಎಂದ. ನೋಡಿದರೆ ನಿಜಕ್ಕೂ ಓರೆಯೇ. ಮೇಸ್ತ್ರಿ ಖುಷಿಯಿಂದ ಬೈಸಿಕೊಂಡರು. ಅಷ್ಟು ಹೊತ್ತು ಅಪ್ಪ ಕಾಯಿಲೆಯವನಂತೆ ಕಾಣಲಿಲ್ಲ. ಆಮೇಲೆ ನಾಲ್ಕು ಜನ ಎತ್ತಿ ಒಳಗೆ ಮಂಚದ ಮೇಲೆ ಮಲಗಿಸಿದರು.

ದಿಂಬು ಇದ್ದದ್ದು ಹಿಂದಿನ ತುದಿಯಲ್ಲಿ.

ಮೊದಲು ನನಗೆ ಅರ್ಥವಾಗಲಿಲ್ಲ. ಅಪ್ಪನನ್ನು ಎಡಮಗ್ಗುಲಿಗೆ ತಿರುಗಿಸಿದರು. ಅವನ ಮುಖ ಎದುರಿನ ಕಪಾಟಿನ ಕಡೆ ಬಂತು. ಕಿಟಕಿ ಅವನ ಬೆನ್ನ ಹಿಂದೆ, ಪಾದಗಳ ಪಕ್ಕದಲ್ಲಿ, ತೊಳೆದ ಗಾಜಿನಲ್ಲಿ ಹೊಳೆಯುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಕಪಾಟನ್ನೇ ನೋಡಿ, "ಕಿಟಕಿ ಎಲ್ಲಿ?" ಎಂದು ಕೇಳಿದ.

ಮೇಸ್ತ್ರಿಯೇ ಬಾಯಿಬಿಟ್ಟರು. ಆ ಶುಕ್ರವಾರ ಅಮ್ಮ ಒಳಗೆ ಬಂದು ನಿಂತು, ಮಂಚ ನೋಡಿ, ಇದು ಯಾವ ದಿಕ್ಕು ಎಂದು ಕೇಳಿದ್ದಾಳೆ. ಗಾಡಿಯ ಮೂತಿ ಶೆಡ್ಡಿನ ಗೇಟಿನ ಕಡೆಗಿತ್ತು, ಗೇಟು ಇದ್ದದ್ದು ಉತ್ತರಕ್ಕೆ. ಅಂದರೆ ಅಪ್ಪನ ತಲೆ ಉತ್ತರಕ್ಕೆ. ಅಮ್ಮ ಅಲ್ಲೇ ಕುಸಿದು ಕುಳಿತು ಅತ್ತಿದ್ದಾಳೆ. ಮನೆಯ ಹೆಣ್ಣುಮಗಳು ಮನಸ್ಸಿನಲ್ಲಿ ಶಂಕೆ ಇಟ್ಟುಕೊಂಡಿದ್ದರೆ ಗಾಡಿ ಗೇಟು ದಾಟಬಾರದು ಎಂಬುದು ಆ ಶೆಡ್ಡಿನಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಎಷ್ಟೋ ಲಾರಿಗಳ ಬಣ್ಣವನ್ನೇ ಹಾಗೆ ಬದಲಾಯಿಸಿದ್ದಾರೆ. ಮೇಸ್ತ್ರಿ ತಕ್ಷಣ ನಟ್ಟು ಬಿಚ್ಚಿಸಿ ಮಂಚವನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿಸಿದ್ದಾರೆ.

"ಕಿಟಕಿ ಕಡೆಗೆ ತಿರುಗಿ ಮಲ್ಕೋತಾನಲ್ಲ, ಏನಾಯ್ತು ಅಂದ್ಕೊಂಡೆ ಬೇಟಿ. ಆ ಭುಜದ ವಿಷ್ಯ ನಂಗೆ ಗೊತ್ತಿರ್ಲಿಲ್ಲ," ಎಂದರು. ಅವರ ಮುಖ ನೋಡಲಾಗಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. "ಅಮ್ಮಾ, ಇದಕ್ಕೆ ಚಕ್ರ ಇದೆ! ರೋಡು ತಿರುಗಿದ ಕಡೆಗೆಲ್ಲ ಗಾಡಿ ತಿರುಗುತ್ತೆ. ದಿಕ್ಕು ಅದರ ಜೊತೆ ಬದಲಾಗ್ತಾನೇ ಇರುತ್ತೆ. ನಿಂಗೆ ಅಷ್ಟೂ ತಿಳಿಯಲ್ವಾ?"

"ಹೊರಡೋದು ಇಲ್ಲಿಂದ ತಾನೆ?" ಎಂದಳು ಅಮ್ಮ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಹೊರಡೋವಾಗ್ಲೇ ಆ ಕಡೆ ತಲೆ ಹಾಕಿ ಮಲಗ್ಸಕ್ಕೆ ಆಗುತ್ತಾ? ಯಾರನ್ನ ಹಂಗೆ ಮಲಗಿಸ್ತಾರೆ, ನಿಂಗೆ ಗೊತ್ತಿಲ್ವಾ?"

ಶೆಡ್ಡಿನಿಂದ ಸೇತುವೆಯವರೆಗೆ ರಿಂಗ್ ರೋಡು ಹೋಗುವುದು ಉತ್ತರಕ್ಕೇ. ಅದು ನನಗೆ ಗೊತ್ತಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಮೇಸ್ತ್ರಿ ಸ್ಪ್ಯಾನರ್ ಕೈಗೆ ತೆಗೆದುಕೊಂಡು, ಯಾರಾದರೂ ಹೂಂ ಎಂದರೆ ತಿರುಗಿಸಿಬಿಡಲು ಸಿದ್ಧರಾಗಿ ನಿಂತಿದ್ದರು. ಅಪ್ಪ ಕಪಾಟಿನ ಕಡೆ ನೋಡುತ್ತಲೇ, "ಲಾರಿಲಿ ಇಷ್ಟ್ ವರ್ಷ ಮಲ್ಗಿದ್ನಲ್ಲ, ಯಾವ್ ದಿಕ್ಕಿಗೆ ಅಂತ ಯಾರ್ ನೋಡ್ತಿದ್ರು ಕೇಳು," ಎಂದ. ಬಾಯಿಯ ಒಂದೇ ಬದಿಯಲ್ಲಿ ನಕ್ಕ.

"ಅದಕ್ಕೇ ಹಿಂಗಾಗಿರೋದು," ಎಂದಳು ಅಮ್ಮ.

ಅವಳು ಅದನ್ನು ಕೊಂಕಿಗೆ ಹೇಳಿದ್ದಲ್ಲ. ಅಷ್ಟು ವರ್ಷ ಅವನು ಎಲ್ಲೆಲ್ಲೋ ರಸ್ತೆಯ ಬದಿಯಲ್ಲಿ ಹೇಗೆಹೇಗೋ ಮಲಗಿದ್ದ. ಅದರಿಂದಲೇ ಲಕ್ವ ಹೊಡೆಯಿತು ಎಂದು ಅವಳು ಮನಸ್ಸಿನಲ್ಲಿ ಲೆಕ್ಕ ಹಾಕಿಟ್ಟುಕೊಂಡಿದ್ದಳು. ನಮಗದು ಗೊತ್ತಾದದ್ದು ಆ ಕ್ಷಣದಲ್ಲೇ. ಅಪ್ಪನ ನಗು ನಿಂತಿತು. ತಲೆಯನ್ನು ಆದಷ್ಟು ಹೊರಳಿಸಿ ಅವಳನ್ನು ನೋಡಿದ. "ಬಿಡು. ಹಿಂಗೇ ಹೋಗಾಣ," ಎಂದ. ಮೇಸ್ತ್ರಿ ಸ್ಪ್ಯಾನರನ್ನು ಜೇಬಿಗೆ ಇಳಿಸಿದರು.

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟೆವು. ಮೇಸ್ತ್ರಿಯೇ ಜೀಪು ಓಡಿಸಿದರು. ಅಮ್ಮನೂ ನಾನೂ ಒಳಗೆ. ಹೊಸ ಪೇಂಟಿನ ವಾಸನೆಗೆ ತಲೆ ನೋಯುತ್ತಿತ್ತು. ಅಪ್ಪ ಕಂದು ಬಣ್ಣದ ಕಪಾಟಿನ ಬಾಗಿಲನ್ನೂ ಅದರ ಹಿಡಿಯನ್ನೂ ನೋಡುತ್ತ ಮಲಗಿದ್ದ. ಗಾಡಿ ಕುಲುಕಿದಾಗೆಲ್ಲ, ಎಲ್ಲಿದ್ದೇವೆ ಎಂದು ಅವನೇ ಹೇಳುತ್ತಿದ್ದ. ಹೊಸದಾಗಿ ಎದ್ದ ರೋಡ್ ಹಂಪುಗಳು ಅವನ ಲೆಕ್ಕವನ್ನು ತಪ್ಪಿಸುತ್ತಿದ್ದವು.

ಸೇತುವೆ ಬಂತು. ಅಮ್ಮ ಅವನ ಕಾಲ ಬಳಿ ಬಗ್ಗಿ ಕಿಟಕಿಯಿಂದ ನೋಡಿದಳು. "ಎತ್ತರಕ್ಕೆ ಕಂಬ ಐತೆ ರೀ. ಅದ್ರಿಂದ ತಂತಿ, ಎಷ್ಟೊಂದು ತಂತಿ! ಬಟ್ಟೆ ಒಣಗಾಕಕ್ಕೆ ಕಟ್ತೀವಲ್ಲ, ಹಂಗೆ."

"ಗೇಟು?"

"ಗೇಟೇ ಇಲ್ಲ ರೀ. ರೈಲು ಕೆಳಗಡೆ ಹೋಯ್ತಾ ಐತೆ."

ನಾನು ಸುಮ್ಮನಿರಲಾರದೆ ಬ್ಯಾಗಿನಿಂದ ಸಣ್ಣ ಕನ್ನಡಿ ತೆಗೆದು ಅವನ ಮುಖದ ಮುಂದೆ ಹಿಡಿದೆ. ಗಾಡಿಯ ಅಲುಗಾಟಕ್ಕೆ ಅದರಲ್ಲಿ ಒಂದು ಚೂರು ಆಕಾಶ, ಒಂದೆರಡು ತಂತಿ ಕುಣಿದು ಹೋದವು. "ಮಿರರಲ್ಲಿ ಹಿಂದೆ ಬರೋ ಗಾಡಿ ನೋಡ್ತಾರೆ ಕಣಮ್ಮ," ಎಂದ ಅಪ್ಪ. "ರೋಡ್ ನೋಡಲ್ಲ." ಆಮೇಲೆ ಕಣ್ಣು ಮುಚ್ಚಿಕೊಂಡ. ಕೆ.ಆರ್. ಪುರದಲ್ಲಿ ತಿರುಗಿಸಿಕೊಂಡು ವಾಪಸು ಬರುವಾಗ ಕಣ್ಣು ತೆರೆಯಲೇ ಇಲ್ಲ.

ಜೋಗುಪಾಳ್ಯದ ಗಲ್ಲಿಯಲ್ಲಿ ಅಂಥ ಗಾಡಿ ನಿಲ್ಲಿಸಲು ಎಲ್ಲಿ ಜಾಗ? ಶೆಡ್ಡಿನ ಅಂಗಳದಲ್ಲೇ ಟಾರ್ಪಾಲಿನ್ ಹೊದಿಸಿ ನಿಲ್ಲಿಸಿದರು. ಅಪ್ಪ ಮತ್ತೆ ಇಟ್ಟಿಗೆಗಳ ಮುಂದೆ. ನಾನು ಅಮ್ಮನ ಜೊತೆ ದಿನಾ ಜಗಳ ಆಡಿದೆ. ಮಂಚ ತಿರುಗಿಸೋಣ, ಇನ್ನೊಂದು ಸಲ ಹೋಗೋಣ, ಬೇಕಾದರೆ ಗಾಡಿಯ ಮೂತಿಯನ್ನು ಪೂರ್ವಕ್ಕೆ ನಿಲ್ಲಿಸಿ ಮಲಗಿಸೋಣ ಎಂದೆ. ಅವಳು ಒಮ್ಮೆ, "ಆಷಾಢ ಕಳೀಲಿ," ಎಂದಳು. ಇನ್ನೊಮ್ಮೆ, "ಸ್ವಲ್ಪ ಗುಣ ಆಗ್ಲಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಾಣ," ಎಂದಳು. ಗುಣವಾಗುವುದಿಲ್ಲವೆಂದು ಡಾಕ್ಟರು ಹೇಳಿ ಆಗಿತ್ತು. ಹಾಗಂತ ಮುಖದ ಮೇಲೆ ಹೇಳಲು ನನ್ನ ಈ ಜೋರು ಬಾಯಿಗೂ ಧೈರ್ಯ ಬರಲಿಲ್ಲ. ಅಪ್ಪ ಆ ಗಾಡಿಯ ಮಾತನ್ನೇ ಎತ್ತಲಿಲ್ಲ. ಯಾರಾದರೂ ಬಂದು, "ಸೇತುವೆ ನೋಡ್ಕೊಂಡು ಬಂದ್ರಂತೆ?" ಎಂದರೆ, "ಹೂಂ, ಚೆನ್ನಾಗೈತೆ," ಎನ್ನುತ್ತಿದ್ದ. ಅಮ್ಮ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅಮ್ಮ ಕಾಫಿ ತೆಗೆದುಕೊಂಡು ಹೋದಾಗ ಅಪ್ಪ ಹೋಗಿಬಿಟ್ಟಿದ್ದ. ಕಿಟಕಿ ತೆರೆದೇ ಇತ್ತು.

ಮಣ್ಣಿಗಿಡುವುದು ಹೊಸಕೋಟೆಯ ಆಚೆ, ನಮ್ಮ ಊರಿನ ತೋಟದಲ್ಲಿ. ವ್ಯಾನಿಗೆ ಯಾರೋ ಫೋನು ಮಾಡಲು ಹೊರಟರು. ಅಮ್ಮ ತಡೆದಳು. "ಅವರದೇ ಗಾಡಿ ಇಲ್ವಾ?" ಎಂದಳು. ಮೇಸ್ತ್ರಿ ಗಾಡಿ ತಂದು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿದರು. ಗಲ್ಲಿಯ ತುದಿಯವರೆಗೆ ಅಪ್ಪನನ್ನು ಹೆಗಲ ಮೇಲೆ ಹೊತ್ತು ತಂದರು. ಒಳಗೆ ಹತ್ತಿಸುವ ಮೊದಲು ಅಮ್ಮ ಮೆಟ್ಟಿಲ ಮೇಲೆ ನಿಂತು ಮಂಚ ನೋಡಿದಳು.

"ಸಾಬ್ರೇ, ಮಂಚ ತಿರುಗಿಸಿ."

ಮೇಸ್ತ್ರಿ, ಯಾವ ಕಡೆಗೆ ಎಂಬಂತೆ ನನ್ನ ಮುಖ ನೋಡಿದರು.

"ಮೊದ್ಲು ಹೆಂಗೆ ಮಾಡಿದ್ರೋ ಹಂಗೇ," ಎಂದಳು ಅಮ್ಮ. "ಇನ್ ಯಾವ್ ದಿಕ್ಕಿಗೆ ಹೆದರ್ಬೇಕು ನಾನು?"

ರಸ್ತೆಯಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ನೆಂಟರು ಹೊತ್ತಾಯಿತು ಎಂದು ಗೊಣಗಿದರು. ಅಪ್ಪನನ್ನು ಅಲ್ಲೇ ಪಾದಚಾರಿ ದಾರಿಯಲ್ಲಿ ಇಳಿಸಿಕೊಂಡು ಕಾದೆವು. ಒಳಗೆ ಮೇಸ್ತ್ರಿ ಒಬ್ಬರೇ ಮಂಡಿಯೂರಿ ನಟ್ಟು ಬಿಚ್ಚುವ ಸದ್ದು ಕೇಳುತ್ತಿತ್ತು. ಮಂಚ ತಿರುಗಿಸಿ ಮತ್ತೆ ಬಿಗಿದು ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

ಹಲಸೂರು ದಾಟಿ ಹಳೆ ಮದ್ರಾಸ್ ರಸ್ತೆಯಲ್ಲೇ ಹೋದೆವು. ಅಮ್ಮನ ಮೇಲೆ ನನಗೆ ಅಷ್ಟು ತಿಂಗಳ ಸಿಟ್ಟು ಹಾಗೆಯೇ ಇತ್ತು. ಅವತ್ತು ಅಳು ಬರದೇ ಇದ್ದದ್ದಕ್ಕೆ ಅದೇ ಕಾರಣವಿರಬೇಕು. ಬೈಯಬೇಕೆಂದರೆ ಬೈಯುವ ಹಾಗಿರಲಿಲ್ಲ. ಅವಳು ದಿಂಬಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ದಾರಿಯುದ್ದಕ್ಕೂ ಅಪ್ಪನ ಹಣೆಯ ಮೇಲಿನ ವಿಭೂತಿಯನ್ನು ಸರಿಮಾಡುತ್ತ ಬಂದಳು. ಸೇತುವೆ ಹತ್ತುವ ಏರು ಗೊತ್ತಾಯಿತು. ಅವಳು ಎದ್ದು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಅಪ್ಪನ ಕೆನ್ನೆಗೆ ಕೈ ಕೊಟ್ಟು, ಮುಖವನ್ನು ಮೆಲ್ಲಗೆ ಗಾಜಿನ ಕಡೆ ಹೊರಳಿಸಿದಳು.

"ರೀ, ಬಂತು ನೋಡಿ," ಎಂದಳು. "ಕಂಬ ಇಲ್ಲೇ ಐತೆ. ಎದುರಿಂದ ಲಾರಿ ಬರ್ತಾ ಐತೆ ನೋಡಿ."

ಸೇತುವೆ ಇಳಿದು ಮುಗಿಯುವವರೆಗೂ ಅವಳು ಆ ಕೈಯನ್ನು ತೆಗೆಯಲಿಲ್ಲ.